ಮರಳಿ ಕರೆಯಿಸಿಕೊಂಡವರು

ಕೆಲಸದಿಂದ ಬಿಡುಗಡೆ ಹೊಂದಿ ಮನೆ ಸೇರಿದವನನ್ನು ಸರಕಾರವು ಮತ್ತೆ ಕರೆಯಿಸಿಕೊಂಡಿತೆಂದರೆ, ಅದಕ್ಕೆ ಅವನ ಯೋಗ್ಯತೆಯೇ ಕಾರಣವೆಂದು ಅವನೂ ಅವನ ಬಂಧುಗಳೂ ಭಾವಿಸುವುದು ಸಹಜ. ಕರೆದವರ ಮನಸ್ಸಿನ ಲೆಕ್ಕಾಚಾರವು ಬೇರೆ. ಅವನಿಗೆ ಕೊಡಬೇಕಾದ ವೇತನವು ಅಲ್ಪ; ಬಡ್ತಿಯ ಆಸೆ ಅವನಿಗಿಲ್ಲ; ಕೆಲಸವು ಕೆಟ್ಟರೆ ಹೊಣೆಯನ್ನು ಅವನ ತಲೆಗೆ ಕಟ್ಟಿ ಎರಡನೆಯ ಸಲ ಮನೆಗೆ ಕಳುಹಿಸುವುದು ಬಹು ಸುಲಭ. ಇಂಗ್ಲೆಂಡಿನ ಬಿ.ಬಿ.ಸಿ.ಯವರು 2003ರಲ್ಲಿ ಒಂದೇ ಕಥೆಯಾಗಿ ತೋರಿಸಿ, ಜನರು ಮೆಚ್ಚಲಾಗಿ 2004ರಿಂದ 2015ರ ವರೆಗೆ ಹನ್ನೆರಡು ಮಾಲೆಗಳಾಗಿ ನಡೆಯಿಸಿದ 'ನ್ಯೂ ಟ್ರಿಕ್ಸ್' ಎಂಬ ಟೆಲಿವಿಷನ್ ಧಾರಾವಾಹಿಯು ಈ ಲೆಕ್ಕಾಚಾರವನ್ನು ಮರೆಮಾಚದೆ ಹೇಳಿಕೊಂಡೇ ಪ್ರಾರಂಭವಾಗುತ್ತದೆ. ನಿವೃತ್ತ ಪತ್ತೇದಾರರು ಮರಳಿ ಕೆಲಸಕ್ಕೆ ಬರುವ ಕಥೆಗಳು ಪಾಶ್ಚಾತ್ಯರಲ್ಲಿ ಲೆಕ್ಕವಿಲ್ಲದಷ್ಟು ಉಂಟು. ಅವುಗಳಲ್ಲಿ ಹೆಚ್ಚಿನವು ಮುದುಕನ ಬುದ್ಧಿಯನ್ನು ಕೊಂಡಾಡಿ ಮುಗಿಯುತ್ತವೆ. ಇದು ಮಾತ್ರ, ಕೊನೆಯ ಪಕ್ಷ ತನ್ನ ಒಳ್ಳೆಯ ಕಾಲದಲ್ಲಿ, ಮುದುಕನನ್ನು ಕಟಕಟೆಯ ಹತ್ತಿರಕ್ಕೂ ಕರೆದೊಯ್ಯಿತು.

ಹೆಸರಿನ ಅರ್ಥವನ್ನು ಮೊದಲು ತಿಳಿಯುವುದು ಮೇಲು. ಮುದಿನಾಯಿಗೆ ಹೊಸ ವಿದ್ಯೆ ಕಲಿಸಲಾಗದೆಂದು ಇಂಗ್ಲಿಷಿನಲ್ಲಿ ಒಂದು ಗಾದೆಯಿದೆ. 'ನ್ಯೂ ಟ್ರಿಕ್ಸ್' ಎಂಬುದು ಆ ಗಾದೆಯ ಬಾಲದ ತುಂಡು. ಕಥೆಯ ಮೊದಲಿಗೂ ಒಂದು ನಾಯಿ ಬರುತ್ತದೆ. ಲಂಡನ್ನಿನ ಮೆಟ್ರೊಪಾಲಿಟನ್ ಪೋಲೀಸಿನಲ್ಲಿ ವೇಗವಾಗಿ ಮೇಲೇರುತ್ತಿದ್ದ ಸಾಂಡ್ರಾ ಪುಲ್‌ಮನ್ ಎಂಬ ಅಧಿಕಾರಿಣಿಯು ಒತ್ತೆಯಾಳನ್ನು ಬಿಡಿಸಲು ಹೋದ ದಾಳಿಯಲ್ಲಿ ನಾಯಿಯೊಂದನ್ನು ಗುಂಡಿಟ್ಟು ಕೊಲ್ಲುತ್ತಾಳೆ, ದಾಳಿಯು ನಗೆಗೀಡಾಗುತ್ತದೆ. ಇನ್ನು ಅವಳನ್ನು ಎಲ್ಲಿಡಬೇಕು? ಬಗೆಹರಿಯದೆ ಉಳಿದ ಹಳೆಯ ಅಪರಾಧಗಳನ್ನು ಮತ್ತೆ ಶೋಧಿಸಲು ಒಂದು ಸಣ್ಣ ದಳವನ್ನು ಕಟ್ಟಿ, ಮೂವರು ನಿವೃತ್ತರನ್ನು ಕೊಟ್ಟು, ಅವಳನ್ನು ಅದರ ಮುಖ್ಯಳನ್ನಾಗಿ ಮಾಡುತ್ತಾರೆ. ಶಿಕ್ಷೆಗೆ ಒಳಗಾದವಳಿಗೆ ಸಹಾಯಕರಾಗಿ ಸವೆದುಹೋದವರು ದೊರೆತರೆಂದು ಹೇಳಿದರೆ ಇಲಾಖೆಯ ದೃಷ್ಟಿಯನ್ನು ಸರಿಯಾಗಿ ಹೇಳಿದಂತಾಯಿತು.

ಆ ಮೂವರು ಯಾರೆಂದರೆ: ಒಂದು ಕಾಲಕ್ಕೆ ಪುಲ್‌ಮನ್ನಳ ಮೇಲಧಿಕಾರಿಯಾಗಿದ್ದು, ಹೆಂಡತಿಯ ಸಾವಿನ ದುಃಖವನ್ನು ಇಳಿಸಲಾರದೆ ಇರುವ ಜ್ಯಾಕ್ ಹಾಲ್ಫರ್ಡ್, ಅದ್ಭುತವಾದ ಜ್ಞಾಪಕಶಕ್ತಿಯುಳ್ಳವನೂ ಕುಡಿತವನ್ನು ಕಷ್ಟದಿಂದ ಬಿಟ್ಟವನೂ ಆದ ಬ್ರಯನ್ ಲೇನ್, ಮೂವರು ಹೆಂಡಂದಿರನ್ನು ಬಿಟ್ಟು, ಹೆಣ್ಣುಮಕ್ಕಳ ವಾತ್ಸಲ್ಯವನ್ನು ಹೇಗೋ ಉಳಿಸಿಕೊಂಡ ಗೆರ್ರಿ ಸ್ಟ್ಯಾಂಡಿಂಗ್. ಇವರಿಗೆ ಈಗ ಪೋಲೀಸು ಅಧಿಕಾರವಿಲ್ಲ. ನಾಗರಿಕ ನೌಕರರೆಂಬ ಹೆಸರಿನಲ್ಲಿ ಬಂದವರು. ಯಾರನ್ನು ದಸ್ತಗಿರಿ ಮಾಡಬೇಕಾದರೂ ಆ ಮಾತನ್ನು ಪುಲ್‌ಮನ್ನಳ ಬಾಯಿಂದಲೇ ಆಡಿಸಬೇಕು. ಮೂವತ್ತು ವರ್ಷ ಆಜ್ಞೆ ಮಾಡಿದ ನಾಲಗೆಗಳು ಈಗ ಪ್ರಶ್ನೆ ಕೇಳುವುದಕ್ಕೆ ಮಾತ್ರ ಅರ್ಹ. ಧಾರಾವಾಹಿಯ ಹಾಸ್ಯದಲ್ಲಿ ಬಹುಭಾಗವು ಇಲ್ಲಿಂದಲೇ ಹುಟ್ಟುತ್ತದೆ. ಮರ್ಮವೂ ಇಲ್ಲಿಯೇ ಇದೆ.

ಈ ಕಲ್ಪನೆಗೆ ವಾಸ್ತವದ ತಳಹದಿಯಿಲ್ಲದೆ ಇಲ್ಲ. ಬ್ರಿಟನ್ನಿನ ಪೋಲೀಸರಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದವರಿಗೆ ಪೂರ್ಣ ವಿಶ್ರಾಂತಿವೇತನ ದೊರೆಯುವ ಪದ್ಧತಿ ಬಹುಕಾಲ ನಡೆದುಬಂದಿತು. ಇಪ್ಪತ್ತರ ಹರೆಯದಲ್ಲಿ ಸೇರಿದವನು ಐವತ್ತಕ್ಕೆ ಹೊರಗೆ ಬರುತ್ತಿದ್ದನು. ಐವತ್ತು ಎಂಬುದು ಪತ್ತೇದಾರನಿಗೆ ಮುಪ್ಪಲ್ಲ. ಅಪರಾಧಿಗಳ ಮೂರು ತಲೆಮಾರುಗಳ ಪರಿಚಯವಾಗಿ, ಯಾವ ಕೇರಿಯಲ್ಲಿ ಯಾರ ಮಗ ಯಾರ ಅಳಿಯ ಎಂಬುದು ತಿಳಿಯುವ ಹೊತ್ತು. ಹಳೆಯ ಪ್ರಕರಣಗಳನ್ನು ಪರಿಶೀಲಿಸುವುದಕ್ಕೆ ಇಂಥವರನ್ನು ನಾಗರಿಕ ನೌಕರರಾಗಿ ಮತ್ತೆ ಕರೆದುಕೊಂಡ ಪೋಲೀಸು ದಳಗಳು ಆ ದೇಶದಲ್ಲಿ ಅನೇಕ ಉಂಟು. ಕೊಲೆಯಂಥ ಘೋರಾಪರಾಧಕ್ಕೆ ಅಲ್ಲಿಯ ಕಾನೂನಿನಲ್ಲಿ ಕಾಲಮಿತಿಯಿಲ್ಲ. ಮೂವತ್ತು ವರ್ಷದ ಹಿಂದಿನ ಹೆಣವೂ ನ್ಯಾಯ ಕೇಳಬಹುದು. ಒಮ್ಮೆ ಬಿಡುಗಡೆಯಾದವನನ್ನು ಅದೇ ಅಪರಾಧಕ್ಕೆ ಪುನಃ ವಿಚಾರಿಸಲಾಗದೆಂಬ ಪುರಾತನ ನಿಯಮವನ್ನು ಸಹ 2003ರ ಶಾಸನವು ಸಡಿಲಿಸಿತು. ಅದು 2005ರಲ್ಲಿ ಜಾರಿಗೆ ಬಂದು, ಹೊಸ ಮತ್ತು ಬಲವಾದ ಸಾಕ್ಷ್ಯ ದೊರೆತರೆ ಘೋರಾಪರಾಧಗಳಲ್ಲಿ ಮರುವಿಚಾರಣೆಗೆ ಅವಕಾಶವಾಯಿತು. ಆದ್ದರಿಂದ ಈ ಮುದುಕರು ಕಡತಗಳ ಧೂಳನ್ನು ಕೊಡವುವುದು ಕೇವಲ ಕಾಲಕ್ಷೇಪವಲ್ಲ.

ಇನ್ನು ಬ್ರಯನ್ ಲೇನನ ಜ್ಞಾಪಕಶಕ್ತಿಯ ವಿಚಾರ. ಯಾವ ವರ್ಷ ಯಾವ ಠಾಣೆಯಲ್ಲಿ ಯಾವ ಅಧಿಕಾರಿ ಯಾರ ಹೇಳಿಕೆಯನ್ನು ಬರೆದುಕೊಂಡನೆಂಬುದನ್ನು ಅವನು ಘನಪಾಠಿಗಳಂತೆ ಒಪ್ಪಿಸುತ್ತಾನೆ. ಕಡತವು ಕಳೆದುಹೋಗಿರಬಹುದು, ಸಾಕ್ಷಿ ಸತ್ತಿರಬಹುದು. ಲೇನನ ತಲೆಯಲ್ಲಿ ಎಲ್ಲವೂ ಇದ್ದ ಹಾಗೆಯೇ ಇರುತ್ತದೆ. ಪುಸ್ತಕವನ್ನು ನಂಬದೆ ಕಂಠಪಾಠವನ್ನು ನಂಬಿದ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಪಾತ್ರದ ಮೇಲೆ ಒಡನೆಯೇ ಅಭಿಮಾನ ಮೂಡುವುದು ಆಶ್ಚರ್ಯವಲ್ಲ. ಆದರೆ ಅದೇ ಸಂಪ್ರದಾಯದಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಇನ್ನೊಂದು ಮಾತು ನೆನಪಾಗಬೇಕು. ಅನ್ನಂಭಟ್ಟನು ಜ್ಞಾನವನ್ನು ಸ್ಮೃತಿ, ಅನುಭವ ಎಂದು ಇಬ್ಭಾಗಮಾಡಿ, ಪ್ರಮಾಣಗಳ ಚರ್ಚೆಯನ್ನೆಲ್ಲ ಅನುಭವದ ಕಡೆಗೇ ಇಟ್ಟನು; ಸ್ಮೃತಿಯು ಸಂಸ್ಕಾರಮಾತ್ರದಿಂದ ಹುಟ್ಟುವುದು. ಅದರಲ್ಲಿಯೂ ಎರಡು ಬಗೆಯುಂಟು: ಮೊದಲಿನ ಅನುಭವವು ಸರಿಯಾಗಿದ್ದರೆ ಸ್ಮೃತಿಯೂ ಯಥಾರ್ಥ, ಮೊದಲೇ ತಪ್ಪಾಗಿ ಕಂಡಿದ್ದರೆ ಸ್ಮೃತಿಯೂ ಅಯಥಾರ್ಥ. ಒಂದಕ್ಷರ ಬಿಡದೆ ಜ್ಞಾಪಿಸಿಕೊಂಡರೂ ತಪ್ಪು ತಪ್ಪೇ. 1975ರಲ್ಲಿ ಒಬ್ಬ ಪತ್ತೇದಾರನು ತಪ್ಪು ಮನುಷ್ಯನನ್ನು ಅಪರಾಧಿಯೆಂದು ಕಂಡಿದ್ದರೆ, ಮೂವತ್ತು ವರ್ಷದ ಮೇಲೆ ಅವನಿಗೆ ನೆನಪಾಗುವವನೂ ಆ ತಪ್ಪು ಮನುಷ್ಯನೇ.

ಹಳೆಯ ಪ್ರಕರಣವು ಯಾತಕ್ಕೆ ಹಳೆಯದಾಗಿ ಉಳಿಯಿತು? ಅಪರಾಧಿಯು ಚತುರನಾಗಿದ್ದನೆಂಬುದು ಒಂದು ಉತ್ತರ. ಅಗ್ಗದ ಕಥೆಗಳೆಲ್ಲ ಇದನ್ನೇ ಕೊಡುತ್ತವೆ. ಮೊದಲು ಶೋಧಿಸಿದವರು ಸೋಮಾರಿಗಳೋ, ಪೂರ್ವಗ್ರಹಪೀಡಿತರೋ, ಲಂಚಕೋರರೋ ಆಗಿದ್ದರೆಂಬುದು ಇನ್ನೊಂದು. ಮೊದಲು ಶೋಧಿಸಿದವರೆಂದರೆ ಯಾರು? ಈ ಮೂವರ ಗೆಳೆಯರು, ಗುರುಗಳು, ಒಮ್ಮೊಮ್ಮೆ ಈ ಮೂವರೇ. ಲೇನನನ್ನು ಇಲಾಖೆಯಿಂದ ಹೊರಡಿಸಿದ್ದು ಅವನ ವಶದಲ್ಲಿದ್ದ ಕೈದಿಯೊಬ್ಬನ ಸಾವು. ತನ್ನನ್ನು ಸಿಕ್ಕಿಸಿದರೆಂದು ಅವನು ಹಗಲಿರುಳೂ ಹೇಳುತ್ತಾನೆ. ಕೇಳುವವರಿಗೆ ಅದು ಹುಚ್ಚೋ ಸತ್ಯವೋ ಎಂಬುದು ಬಹುಕಾಲ ತಿಳಿಯದು. ಊರಿನ ಎಲ್ಲ ಪ್ರಕರಣಗಳನ್ನೂ ಬಾಯಿಪಾಠ ಬಲ್ಲವನಿಗೆ ತನ್ನ ಒಂದು ಪ್ರಕರಣವೇ ಬಿಡಿಸಲಾರದ ಗಂಟಾಗಿದೆ.

ಗೆರ್ರಿ ಸ್ಟ್ಯಾಂಡಿಂಗನ ಪಾತ್ರವನ್ನು ಡೆನಿಸ್ ವಾಟರ್‌ಮನ್ ಎಂಬ ನಟರಿಗೆ ಒಪ್ಪಿಸಿದ್ದರಲ್ಲಿ ಒಂದು ಔಚಿತ್ಯವಿದೆ. ಅದನ್ನು ಇಂಗ್ಲೆಂಡಿನ ಪ್ರೇಕ್ಷಕರು ಹೇಳದೆಯೇ ತಿಳಿದುಕೊಂಡಿರಬೇಕು. 1962ರಲ್ಲಿ ಬಾಲನಟರಾಗಿ ತುಂಟ ಹುಡುಗ ವಿಲಿಯಮನ ಪಾತ್ರವನ್ನು ವಹಿಸಿದ ಇವರು, 1975ರಿಂದ 1978ರ ವರೆಗೆ ನಡೆದ 'ದಿ ಸ್ವೀನಿ' ಎಂಬ ಧಾರಾವಾಹಿಯಲ್ಲಿ ಜಾರ್ಜ್ ಕಾರ್ಟರ್ ಎಂಬ ತರುಣ ಪತ್ತೇದಾರನಾಗಿ ಮನೆಮಾತಾದವರು. ಲಂಡನ್ನಿನ ಫ್ಲೈಯಿಂಗ್ ಸ್ಕ್ವಾಡ್ ಎಂಬ ದಳಕ್ಕೆ ಆ ನಗರದ ಪ್ರಾಸಪ್ರಿಯರಾದ ಪಾಮರರು 'ಸ್ವೀನಿ ಟಾಡ್' ಎಂಬ ಅಡ್ಡಹೆಸರನ್ನು ಇಟ್ಟಿದ್ದರು. ಅದು ಸವೆದು 'ಸ್ವೀನಿ' ಆಯಿತು. ಆ ಧಾರಾವಾಹಿಯ ಪತ್ತೇದಾರರು ಬಾಗಿಲನ್ನು ಒದೆದು ಒಳನುಗ್ಗುವವರು, ಮೊದಲು ಹೊಡೆದು ಆಮೇಲೆ ಕೇಳುವವರು. ಪ್ರೇಕ್ಷಕರು ಅವರನ್ನು ವೀರರೆಂದು ಮೆಚ್ಚಿದರು. ಅದೇ ಕಾಲದಲ್ಲಿ, 1977ರಲ್ಲಿ, ನಿಜವಾದ ಫ್ಲೈಯಿಂಗ್ ಸ್ಕ್ವಾಡಿನ ಮುಖ್ಯಾಧಿಕಾರಿಯಾಗಿದ್ದ ಕೆನೆತ್ ಡ್ರೂರಿ ಎಂಬವನಿಗೆ ಲಂಚದ ಅಪರಾಧಕ್ಕಾಗಿ ಎಂಟು ವರ್ಷದ ಸೆರೆಮನೆವಾಸವಾಯಿತೆಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಅದಕ್ಕೆ ಮೊದಲು ಪೋಲೀಸು ಕಮಿಷನರಾಗಿದ್ದ ಸರ್ ರಾಬರ್ಟ್ ಮಾರ್ಕ್ ಎಂಬುವರು 1972ರಿಂದ ಐದು ವರ್ಷ ತಮ್ಮ ಇಲಾಖೆಯ ಕೊಳೆಯನ್ನು ತೊಳೆಯುವುದರಲ್ಲಿಯೇ ಕಳೆದಿದ್ದರು. ಇಷ್ಟೆಲ್ಲ ಬಲ್ಲ ಪ್ರೇಕ್ಷಕನು ನರೆಗೂದಲಿನ ವಾಟರ್‌ಮನ್ ಕಡತವೊಂದನ್ನು ಬಿಚ್ಚುವುದನ್ನು ಕಂಡಾಗ, ಕಾರ್ಟರನೇ ತನ್ನ ಯೌವನವನ್ನು ತಾನೇ ವಿಚಾರಣೆಗೆ ತೆಗೆದುಕೊಂಡಂತೆ ಕಂಡರೆ ತಪ್ಪೇನು? ಸ್ಟ್ಯಾಂಡಿಂಗನು ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಗೊಣಗುವಾಗ ಪುಲ್‌ಮನ್ ಅವನನ್ನು ನೋಡುವ ನೋಟವೊಂದಿದೆ. ಅಮಾಂಡ ರೆಡ್‌ಮನ್ ಎಂಬ ನಟಿಯ ಸಾಮರ್ಥ್ಯವು ದೀರ್ಘ ಸಂಭಾಷಣೆಗಳಲ್ಲಿ ತೋರುವುದಕ್ಕಿಂತ ಹೆಚ್ಚಾಗಿ ಆ ನೋಟದಲ್ಲಿ ತೋರುತ್ತದೆ.

ಎರಡು ಕಾಲಗಳ ನಡುವೆ ಇಂಗ್ಲೆಂಡಿನಲ್ಲಿ ಆದ ವ್ಯತ್ಯಾಸವು ಸಣ್ಣದಲ್ಲ. 1984ರ ಪೋಲೀಸು ಮತ್ತು ಅಪರಾಧ ಸಾಕ್ಷ್ಯದ ಶಾಸನವು 1986ರ ಮೊದಲಿಗೆ ಜಾರಿಗೆ ಬಂದಮೇಲೆ, ಶಂಕಿತನನ್ನು ಎಷ್ಟು ಹೊತ್ತು ಇರಿಸಿಕೊಳ್ಳಬಹುದು, ವಕೀಲನನ್ನು ಯಾವಾಗ ಕರೆಯಿಸಬೇಕು, ಅವನ ಮಾತನ್ನು ಹೇಗೆ ದಾಖಲಿಸಬೇಕೆಂಬುದೆಲ್ಲ ಕಟ್ಟುನಿಟ್ಟಾಯಿತು. ಮುದ್ರಿಕೆಯ ಯಂತ್ರವು ವಿಚಾರಣೆಯ ಕೋಣೆಗೆ ಬಂದು ಕುಳಿತಿತು. ಅದಕ್ಕೆ ಮೊದಲು ಪತ್ತೇದಾರನ ಟಿಪ್ಪಣಿಪುಸ್ತಕದಲ್ಲಿ ಬರೆದದ್ದೇ ಶಂಕಿತನು ಆಡಿದ ಮಾತು. 1984ರ ಸೆಪ್ಟೆಂಬರಿನಲ್ಲಿ ಲೆಸ್ಟರ್ ವಿಶ್ವವಿದ್ಯಾನಿಲಯದ ಆಲೆಕ್ ಜೆಫ್ರೀಸ್ ಎಂಬ ವಿಜ್ಞಾನಿಯು ದೇಹದ್ರವ್ಯದಿಂದ ವ್ಯಕ್ತಿಯನ್ನು ಗುರುತಿಸುವ ಡಿ.ಎನ್.ಎ. ಮುದ್ರೆಯ ಕ್ರಮವನ್ನು ಕಂಡುಹಿಡಿದನು. ಆ ಪ್ರಾಂತದಲ್ಲಿಯೇ 1983ರಲ್ಲಿಯೂ 1986ರಲ್ಲಿಯೂ ಇಬ್ಬರು ಬಾಲಕಿಯರ ಕೊಲೆಯಾಗಿತ್ತು. ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಹದಿನೇಳು ವರ್ಷದ ಹುಡುಗನೊಬ್ಬನು ಪೋಲೀಸರ ಮುಂದೆ ಒಪ್ಪಿಕೊಂಡಿದ್ದನು. ಜೆಫ್ರೀಸನ ಪರೀಕ್ಷೆಯು ಮೊದಲು ಮಾಡಿದ ಕೆಲಸವೆಂದರೆ ಆ ಹುಡುಗನು ನಿರಪರಾಧಿಯೆಂದು ತೋರಿಸಿದ್ದು; ನಿಜವಾದ ಕೊಲೆಗಾರನಿಗೆ ಶಿಕ್ಷೆಯಾದದ್ದು ಆಮೇಲೆ, 1988ರ ಜನವರಿಯಲ್ಲಿ. ಹೊಸ ವಿದ್ಯೆಯು ಅಪರಾಧಿಗಳನ್ನು ಹಿಡಿಯುವುದಕ್ಕೆಂದೇ ಬಂದಿತೆಂದು ತಿಳಿದವರು ಈ ಅನುಕ್ರಮವನ್ನು ಗಮನಿಸಬೇಕು. ಮಾಡದ ಕೊಲೆಯನ್ನು ಒಬ್ಬ ಹುಡುಗನು ಯಾತಕ್ಕೆ ಒಪ್ಪಿಕೊಂಡನು? ಆ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರವಿಲ್ಲ. ವಿಚಾರಣೆಯ ಕೋಣೆಯಲ್ಲಿ ಕುಳಿತಿದ್ದವರನ್ನೇ ಕೇಳಬೇಕು. 'ನ್ಯೂ ಟ್ರಿಕ್ಸ್'ನ ಮುದುಕರು ಬೇಕಾಗುವುದು ಇಂಥಲ್ಲಿ. ಡಿ.ಎನ್.ಎ. ಪರೀಕ್ಷೆಯ ಕಾಗದವು ಎಷ್ಟೋ ಕಂತುಗಳ ಮೊದಲಿಗೇ ಬಂದುಬಿಡುತ್ತದೆ. ಉಳಿದ ಹೊತ್ತೆಲ್ಲ ಮನುಷ್ಯರ ಮನೆಬಾಗಿಲಿಗೆ ಹೋಗಿ ಅಂದು ಆಡದೆ ಉಳಿದ ಮಾತನ್ನು ಇಂದು ಆಡಿಸುವುದರಲ್ಲಿ ಕಳೆಯುತ್ತದೆ. ಇಪ್ಪತ್ತು ವರ್ಷದ ಹಿಂದೆ ಗಂಡನಿಗಾಗಿ ಸುಳ್ಳುಸಾಕ್ಷಿ ಹೇಳಿದ ಹೆಂಗಸಿಗೆ ಆ ಗಂಡನು ಈಗಿಲ್ಲ. ಅಂದು ಹೆದರಿದ್ದವನಿಗೆ ಹೆದರಿಸುವವರು ಈಗ ಉಳಿದಿಲ್ಲ. ಕಾಲವು ಸಾಕ್ಷ್ಯವನ್ನು ಕೆಡಿಸುತ್ತದೆಂಬುದು ಎಷ್ಟು ನಿಜವೋ ಬಾಯಿಗೆ ಹಾಕಿದ ಬೀಗವನ್ನು ತುಕ್ಕುಹಿಡಿಸಿ ಬೀಳಿಸುತ್ತದೆಂಬುದೂ ಅಷ್ಟೇ ನಿಜ.

ಪ್ರಾಚೀನರು ಈ ವಿಷಯವನ್ನು ಯೋಚಿಸದೆ ಇದ್ದವರಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕೆಟ್ಟದಾಗಿ ನೋಡಲ್ಪಟ್ಟ ವ್ಯಾಜ್ಯಕ್ಕೆ 'ದುರ್ದೃಷ್ಟ' ಎಂಬ ಹೆಸರಿದೆ. ಅಂಥದನ್ನು ರಾಜನು ಪುನಃ ನೋಡಬೇಕು; ನೋಡಿದಮೇಲೆ ತಪ್ಪು ತೀರ್ಪಿನಿಂದ ಗೆದ್ದವನನ್ನು ಮಾತ್ರವಲ್ಲದೆ ಆ ತೀರ್ಪನ್ನು ಕೊಟ್ಟ ಸಭ್ಯರನ್ನೂ ಸೇರಿಸಿ, ವಿವಾದದ ಮೊತ್ತಕ್ಕೆ ಎರಡರಷ್ಟು ದಂಡ ವಿಧಿಸಬೇಕು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ರಾಗಲೋಭಾದಿಗಳಿಂದ ಕೆಟ್ಟ ನಿರ್ಣಯವೆಂದು ಇದನ್ನು ವಿವರಿಸಿದ್ದಾನೆ. 'ದುರ್ದೃಷ್ಟ' ಎಂಬ ಪದದ ಸೊಗಸೇನೆಂದರೆ, ದೋಷವನ್ನು ಅದು ವ್ಯಾಜ್ಯದ ಮೇಲೆ ಹೊರಿಸದೆ ನೋಡಿದವನ ಕಣ್ಣಿನ ಮೇಲೆ ಹೊರಿಸುತ್ತದೆ. ಲಂಡನ್ನಿನವರು ಇಂಥ ಕಡತವನ್ನು 'ತಣ್ಣಗಾದ ಪ್ರಕರಣ' ಎನ್ನುತ್ತಾರೆ. ತಣ್ಣಗಾಯಿತೆಂದರೆ ಯಾರೂ ತಪ್ಪುಮಾಡಿದ ಹಾಗಾಗಲಿಲ್ಲವಷ್ಟೆ!

ಈ ಧಾರಾವಾಹಿಯಲ್ಲಿ ದುರ್ದೃಷ್ಟವು ದಳದ ಒಳಕ್ಕೇ ಬಂದ ಸಂದರ್ಭವೊಂದಿದೆ. ಅದೊಂದಕ್ಕಾಗಿ ಉಳಿದ ಎಷ್ಟೋ ಹಗುರವಾದ ಕಂತುಗಳನ್ನು ಕ್ಷಮಿಸಬಹುದು. ಪುಲ್‌ಮನ್ನಳ ತಂದೆಯೂ ಪೋಲೀಸು ಅಧಿಕಾರಿ. ಹೃದಯಾಘಾತದಿಂದ ತೀರಿಕೊಂಡನೆಂದು ಅವಳು ಚಿಕ್ಕಂದಿನಿಂದ ನಂಬಿಕೊಂಡು ಬಂದವಳು. ಅವನಂತೆ ಆಗಬೇಕೆಂದೇ ಈ ವೃತ್ತಿಗೆ ಸೇರಿದವಳು. ಅವನು ಆತ್ಮಹತ್ಯೆ ಮಾಡಿಕೊಂಡನೆಂಬುದೂ, ಅವನ ಹೆಸರಿಗೆ ಕಳಂಕವಿತ್ತೆಂಬುದೂ ಕೊನೆಗೆ ಹೊರಬೀಳುತ್ತದೆ. ಹೊರಬಿದ್ದದ್ದಕ್ಕಿಂತ ಕಠಿನವಾದದ್ದು ಇನ್ನೊಂದು: ಹಾಲ್ಫರ್ಡನಿಗೆ ಇದು ಗೊತ್ತಿತ್ತು. ಅವಳಿಗೆ ಕೆಲಸ ಕಲಿಸಿದವನು, ತಂದೆಯ ಸ್ಥಾನದಲ್ಲಿ ನಿಂತವನು, ಪ್ರತಿದಿನ ಎದುರಿನ ಮೇಜಿನಲ್ಲಿ ಕುಳಿತು ಇತರರ ಮರೆಯನ್ನು ಭೇದಿಸುತ್ತಿದ್ದವನು, ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನು. ಮಗುವಿನ ಮನಸ್ಸು ನೋಯಬಾರದೆಂಬ ಕರುಣೆಯಿಂದ ಹುಟ್ಟಿದ ಮೌನವಿರಬಹುದು. ಆದರೆ ಬೇರೆಯವರ ಮನೆಗೆ ಹೋದಾಗ ಇಂಥ ಕರುಣೆಯನ್ನೇ ಅವನು ಸಾಕ್ಷ್ಯನಾಶವೆಂದು ಕರೆಯುತ್ತಿದ್ದನಲ್ಲವೆ? ಪುಲ್‌ಮನ್ ಅವನನ್ನು ಪೂರ್ಣವಾಗಿ ಕ್ಷಮಿಸಿದಳೋ ಇಲ್ಲವೋ ಎಂಬುದನ್ನು ಸ್ಪಷ್ಟಮಾಡದೆ ಬಿಟ್ಟದ್ದು ಬರೆದವರ ವಿವೇಕ. ಅವರು ಮರುದಿನ ಮತ್ತೆ ಒಟ್ಟಿಗೆ ಕೆಲಸಮಾಡಿದರೆಂಬುದಷ್ಟೇ ಕಾಣುತ್ತದೆ.

ಹಾಲ್ಫರ್ಡನ ಸಂಜೆಗಳು ಹಿತ್ತಿಲಿನಲ್ಲಿ ಕಳೆಯುತ್ತವೆ. ಅಲ್ಲಿ ಹೆಂಡತಿ ಮೇರಿಯ ಸ್ಮಾರಕವಿದೆ. ಅದರ ಮುಂದೆ ಕುಳಿತು ಆ ದಿನದ ವರ್ತಮಾನವನ್ನೆಲ್ಲ ಅವಳಿಗೆ ಹೇಳುತ್ತಾನೆ. ವಾಹನವೊಂದು ಬಡಿದು ನಿಲ್ಲದೆ ಹೋದದ್ದರಿಂದ ಅವಳ ಜೀವನವು ಕೆಟ್ಟಿತು. ಅದು ಅಪಘಾತವಲ್ಲವೆಂದೂ ಹ್ಯಾನ್ಸನ್ ಎಂಬ ದುಷ್ಟನ ಕೈಕೆಲಸವೆಂದೂ ಮುಂದೆ ತಿಳಿಯುತ್ತದೆ. ಈ ಪಾತ್ರವನ್ನು ವಹಿಸಿದ ಜೇಮ್ಸ್ ಬೋಲಂ ಅವರು ಈ ಏಕಾಂತದ ಮಾತುಗಳಲ್ಲಿ ಕಣ್ಣೀರಿನ ಆಸರೆಯನ್ನು ತೆಗೆದುಕೊಂಡವರಲ್ಲ. ಪೇಟೆಯಿಂದ ಬಂದು ಸಾಮಾನಿನ ಬೆಲೆಯನ್ನು ಹೇಳುವ ಗಂಡನ ಧಾಟಿಯಲ್ಲಿಯೇ ಹೇಳುತ್ತಾರೆ. ಇಲ್ಲಿ ಒಂದು ಕೌತುಕ: ಬ್ರಯನ್ ಲೇನನ ಸಹನಶೀಲಳಾದ ಹೆಂಡತಿ ಎಸ್ತರಳ ಪಾತ್ರವನ್ನು ವಹಿಸಿದ ಸೂಸನ್ ಜೇಮ್ಸನ್ ಅವರು ನಿಜಜೀವನದಲ್ಲಿ ಬೋಲಂ ಅವರ ಪತ್ನಿ. ನಾಟಕದಲ್ಲಿ ಸತ್ತ ಹೆಂಡತಿಯೊಡನೆ ಮಾತಾಡುವವರ ಜೀವಂತ ಹೆಂಡತಿಯು ಅದೇ ನಾಟಕದಲ್ಲಿ ಇನ್ನೊಬ್ಬನ ಸಂಸಾರವನ್ನು ತೂಗಿಸುತ್ತಿದ್ದರು.

ಎಸ್ತರಳನ್ನು ಕುರಿತು ಇನ್ನೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿವೃತ್ತನು ಮನೆಗೆ ಬಂದರೆ ಮನೆಯವರಿಗೆ ಏನಾಗುತ್ತದೆಂಬುದನ್ನು ಗಂಡಸರು ಬರೆದ ಕಥೆಗಳು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಲೇನನು ಕೆಲಸಕ್ಕೆ ಮರಳಿದಾಗ ಎಸ್ತರಳಿಗೆ ಸಂತೋಷ, ಏಕೆಂದರೆ ಅವನು ಬದುಕುತ್ತಾನೆ. ಭಯ, ಏಕೆಂದರೆ ಕೆಲಸವೇ ಅವನನ್ನು ಹಿಂದೆ ಕುಡಿತಕ್ಕೆ ತಳ್ಳಿತ್ತು. ಅವಳು ಅವನ ಊಟದ ಡಬ್ಬಿಯನ್ನು ಕಟ್ಟುವಾಗ ಈ ಎರಡೂ ಅವಳ ಮುಖದಲ್ಲಿರುತ್ತವೆ.

ಜನಪ್ರಿಯತೆಯಲ್ಲಿ ಇದು ಬಿ.ಬಿ.ಸಿ.ಯ ಮೊದಲ ಸಾಲಿನ ಧಾರಾವಾಹಿಗಳಲ್ಲಿ ಒಂದಾಗಿದ್ದಿತು. ಜನಪ್ರಿಯವಾದದ್ದನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬಾರದು. 2012ರಲ್ಲಿ ಬೋಲಂ ಹೊರಟರು. ಹಾಲ್ಫರ್ಡನು ತನಗೆ ಮರಣಾಂತಿಕ ವ್ಯಾಧಿಯೆಂದು ತಿಳಿದು ಫ್ರಾನ್ಸಿಗೆ ಹೋದನೆಂದು ಕಥೆಯಾಯಿತು. 2013ರಲ್ಲಿ ಲೇನನ ಪಾತ್ರದ ಆಲನ್ ಆರ್ಮ್‌ಸ್ಟ್ರಾಂಗ್ ಅವರೂ ರೆಡ್‌ಮನ್ ಅವರೂ ಹೊರಟರು. ಲೇನನನ್ನು ಎರಡನೆಯ ಸಲ ಹೊರಗೆ ಹಾಕಿದ್ದು ಅದೇ ಹಳೆಯ ಕೈದಿಯ ಸಾವಿನ ಪ್ರಸಂಗ. ಬದಲಿಗೆ ಬಂದವರು ಸಮರ್ಥ ನಟರೇ. ಡೆನಿಸ್ ಲಾಸನ್, ನಿಕೊಲಸ್ ಲಿಂಡ್‌ಹರ್ಸ್ಟ್, ಟ್ಯಾಮ್ಸಿನ್ ಔಟ್ವೇಟ್ ಇವರಲ್ಲಿ ಯಾರನ್ನೂ ಹಳಿಯುವ ಹಾಗಿಲ್ಲ. ಆದರೆ ಹೊಸ ಮುದುಕರಿಗೆ ಲಂಡನ್ನಿನ ಆ ಹಳೆಯ ಪಾಪಗಳಲ್ಲಿ ಪಾಲಿರಲಿಲ್ಲ. ಲಾಸನ್ ಅವರ ಪಾತ್ರವು ಸ್ಕಾಟ್ಲೆಂಡಿನಿಂದ ಬಂದದ್ದು. ಯಾರದೋ ಊರಿನ ಕಡತವನ್ನು ಜಾಣತನದಿಂದ ಓದಬಲ್ಲದು, ಅಷ್ಟೆ. ಅಲ್ಲಿಂದ ಮುಂದಕ್ಕೆ ಪ್ರಕರಣಗಳು ಬಗೆಹರಿದುವು. ಪ್ರೇಕ್ಷಕನ ಮನಸ್ಸಿನಲ್ಲಿ ಯಾವ ಗಂಟೂ ಬಿಗಿಯಲಿಲ್ಲ, ಯಾವುದೂ ಸಡಿಲವಾಗಲೂ ಇಲ್ಲ.

ಮೊದಲಿನ ನಾಲ್ವರಲ್ಲಿ ಕೊನೆಗೆ ಉಳಿದವನು ಸ್ಟ್ಯಾಂಡಿಂಗ್. 2015ರ ಕೊನೆಯ ಮಾಲೆಯ ಮೊದಲಿಗೆ ಅವನ ತಾರುಣ್ಯದ ಕಾಲದ ಒಂದು ಕೊಲೆಯೂ, ಅಂದಿನ ಸಹೋದ್ಯೋಗಿಗಳ ಲಂಚದ ವ್ಯವಹಾರವೂ ಮೇಲೆ ಬರುತ್ತವೆ. ಅನುಮಾನವು ಅವನ ಮೇಲೆಯೇ ತಿರುಗುತ್ತದೆ. ತಾನು ಸತ್ತೆನೆಂಬ ಸುದ್ದಿಯನ್ನು ಹಬ್ಬಿಸಿ ಅವನು ಮರೆಯಾಗುತ್ತಾನೆ. ಅದೇ ವರ್ಷ ಅಕ್ಟೋಬರಿನಲ್ಲಿ ಧಾರಾವಾಹಿಯು ನಿಂತಿತು. ವಾಟರ್‌ಮನ್ 2022ರ ಮೇ ತಿಂಗಳಲ್ಲಿ ತೀರಿಕೊಂಡರು. ತಾವು ನಟಿಸಿದ ಧಾರಾವಾಹಿಗಳಿಗೆ ತಾವೇ ಹಾಡುವ ಚಪಲವು ಅವರಿಗೆ ಮೊದಲಿನಿಂದ ಇದ್ದಿತು. ಹಾಸ್ಯಗಾರರು ಅದನ್ನು ಅಣಕಿಸಿದ್ದೂ ಉಂಟು. 'ನ್ಯೂ ಟ್ರಿಕ್ಸ್'ನ ಪ್ರತಿಯೊಂದು ಕಂತಿನ ಆದಿಯಲ್ಲಿ ಬರುವ ಹಾಡೂ ಅವರದೇ ಕಂಠದ್ದು. ಹಳೆಯ ಕಂತುಗಳನ್ನು ಇಂದು ನೋಡುವವರಿಗೆ, ಯಾವ ಪ್ರಕರಣವೇ ಆಗಲಿ, ಮೊದಲು ಕೇಳುವುದು ಆ ಧ್ವನಿ.